ಗಡಿ ದಾಟದ ಮನೆಲೆಕ್ಕ

ಮೈಕ್ರೋಸಾಫ್ಟ್ ಮನಿ ಎಂಬ ಮನೆಲೆಕ್ಕದ ತಂತ್ರಾಂಶ 1991ರಲ್ಲಿ ಹುಟ್ಟಿತು. 2009ರಲ್ಲಿ ಅದರ ಮಾರಾಟ ನಿಂತಿತು. ಮರುವರ್ಷ ಕಂಪನಿ ಸ್ವಲ್ಪ ಔದಾರ್ಯ ತೋರಿತು. ದುಡ್ಡು ಕೊಡಬೇಕಾಗಿಲ್ಲದ, ಪರವಾನಗಿಗಾಗಿ ಕಂಪನಿಯ ಸರ್ವರನ್ನು ಕೇಳಬೇಕಾಗಿಲ್ಲದ ‘ಸನ್‌ಸೆಟ್’ ಎಂಬ ಕೊನೆಯ ಆವೃತ್ತಿಯನ್ನು ಹೊರಬಿಟ್ಟಿತು. ಅಮೆರಿಕದ ಬಳಕೆದಾರರು ಅದನ್ನು ಇಳಿಸಿಕೊಂಡರು, ಹಳೆಯ ಫೈಲು ತೆರೆದರು, ಎಂದಿನಂತೆ ಲೆಕ್ಕ ಮುಂದುವರಿಸಿದರು. ಬ್ರಿಟನ್ನಿನವರಿಗೆ ಆ ಭಾಗ್ಯ ಇರಲಿಲ್ಲ. ಅವರಿಗೆಂದೇ ಮಾಡಿದ ಆವೃತ್ತಿ 2005ಕ್ಕೇ ನಿಂತುಹೋಗಿತ್ತು, ಅದರ ಫೈಲನ್ನು ಅಮೆರಿಕದ ಆವೃತ್ತಿ ತೆರೆಯಲೊಲ್ಲದು. ಕಂಪನಿ ಒಂದೇ, ತಂತ್ರಾಂಶದ ಹೆಸರು ಒಂದೇ, ಫೈಲಿನ ಹೆಸರಿನ ಕೊನೆಗೆ ಬರುವ ಮೂರಕ್ಷರವೂ ಒಂದೇ. ಆದರೂ ಅಟ್ಲಾಂಟಿಕ್ಕಿನ ಒಂದು ದಡದಲ್ಲಿ ಬರೆದ ಲೆಕ್ಕ ಇನ್ನೊಂದು ದಡದಲ್ಲಿ ಲೆಕ್ಕಕ್ಕೇ ಇಲ್ಲ.

ಇದನ್ನು ಎಲ್ಲೋ ನಾಲ್ಕು ಜನ ಕಂಪ್ಯೂಟರ್ ಹವ್ಯಾಸಿಗಳ ತಾಪತ್ರಯವೆಂದು ತಳ್ಳಿಹಾಕುವುದು ಸುಲಭ. ಆದರೆ ಮನೆಲೆಕ್ಕ ಬರೆಯುವ ಅಭ್ಯಾಸ ಇರುವವರು ಅದನ್ನು ಒಂದೆರಡು ತಿಂಗಳಿಗೆ ಬಿಡುವುದಿಲ್ಲ. ಮೊದಲ ಸಂಬಳದಿಂದ ಹಿಡಿದು ಮಗಳ ಕಾಲೇಜು ಶುಲ್ಕದವರೆಗೆ, ಸಾಲದ ಕಂತು, ಷೇರು, ಪಿಂಚಣಿ ನಿಧಿ ಎಲ್ಲವೂ ಅದೇ ಫೈಲಿಗೆ ಸೇರುತ್ತ ಹೋಗುತ್ತವೆ. ಬೆಂಗಳೂರಿನಿಂದ ಲಂಡನ್ನಿಗೆ, ಅಲ್ಲಿಂದ ನ್ಯೂಜೆರ್ಸಿಗೆ, ಕೊನೆಗೆ ಮತ್ತೆ ಜಯನಗರಕ್ಕೆ ಬಂದು ನೆಲೆಸುವ ಸಂಸಾರಗಳು ಕನ್ನಡಿಗರಲ್ಲಿ ಈಗ ಅಪರೂಪವೇನಲ್ಲ. ಅವರ ಸಾಮಾನು ಹಡಗಿನಲ್ಲಿ ಬರುತ್ತದೆ, ಮಕ್ಕಳಿಗೆ ಟಿ.ಸಿ. ಸಿಗುತ್ತದೆ. ಲೆಕ್ಕ ಮಾತ್ರ ಹಿಂದೆಯೇ ಉಳಿಯುತ್ತದೆ.

ದೇಶದಿಂದ ದೇಶಕ್ಕೆ ಕಾನೂನು ಬೇರೆ, ಆದ್ದರಿಂದ ತಂತ್ರಾಂಶವೂ ಬೇರೆ ಎನ್ನುವುದು ತಯಾರಕರ ಸಮಜಾಯಿಷಿ. ಅದರಲ್ಲಿ ಅರ್ಧ ನಿಜವಿದೆ. ಉಳಿದರ್ಧ ವ್ಯಾಪಾರದ ಅನುಕೂಲ, ಅದಕ್ಕೆ ತಂತ್ರಜ್ಞಾನದ ಅನಿವಾರ್ಯತೆ ಎಂಬ ವೇಷ ತೊಡಿಸಲಾಗಿದೆ.

ನಿಜವಿರುವ ಅರ್ಧಕ್ಕೆ ಮೊದಲು ನ್ಯಾಯ ಸಲ್ಲಿಸಬೇಕು. ಅಮೆರಿಕದ ನೌಕರನ 401(ಕೆ) ನಿವೃತ್ತಿ ಖಾತೆಯಂಥದ್ದು ಬ್ರಿಟನ್ನಿನಲ್ಲಿ ಯಥಾವತ್ತಾಗಿ ಇಲ್ಲ. ಬ್ರಿಟನ್ನಿನ ತೆರಿಗೆರಹಿತ ಐಎಸ್‌ಎ ಉಳಿತಾಯ ಅಮೆರಿಕದ ತೆರಿಗೆಯವರ ಕಣ್ಣಿಗೆ ತೆರಿಗೆರಹಿತವೇ ಅಲ್ಲ. ಕೆನಡಾದ ಆರ್‌ಆರ್‌ಎಸ್‌ಪಿ ನಿವೃತ್ತಿ ಉಳಿತಾಯ ಮತ್ತೊಂದು ಬಗೆ. ವರ್ಷ ಯಾವಾಗ ಶುರುವಾಗುತ್ತದೆ ಎಂಬುದರಲ್ಲೂ ಒಮ್ಮತ ಇಲ್ಲ. ಅಮೆರಿಕಕ್ಕೆ ಜನವರಿ, ಭಾರತಕ್ಕೆ ಏಪ್ರಿಲ್ 1, ಆಸ್ಟ್ರೇಲಿಯಾಕ್ಕೆ ಜುಲೈ 1. ಬ್ರಿಟನ್ನಿಗೋ ಏಪ್ರಿಲ್ 6! 1752ರಲ್ಲಿ ಆ ದೇಶ ಹಳೆಯ ಜೂಲಿಯನ್ ಪಂಚಾಂಗ ಬಿಟ್ಟು ಹೊಸದಕ್ಕೆ ಬಂದಾಗ 11 ದಿನ ಕೈಬಿಟ್ಟಿತು. ಮಾರ್ಚ್ 25ಕ್ಕೆ ಲೆಕ್ಕ ಚುಕ್ತಾ ಮಾಡುತ್ತಿದ್ದ ಖಜಾನೆಯವರು ವರಮಾನದ ದಿನಗಳನ್ನು ಕಳೆದುಕೊಳ್ಳಲು ಒಪ್ಪದೆ ವರ್ಷವನ್ನೇ ಮುಂದಕ್ಕೆ ತಳ್ಳಿದರು ಎನ್ನುವುದು ಈ ವಿಚಿತ್ರ ತಾರೀಖಿಗೆ ಸಾಮಾನ್ಯವಾಗಿ ಕೊಡುವ ವಿವರಣೆ. ಎರಡೂವರೆ ಶತಮಾನದ ಹಿಂದಿನ ಆ ಹಟ ಇವತ್ತಿಗೂ ತಂತ್ರಾಂಶ ಬರೆಯುವವನ ತಲೆ ತಿನ್ನುತ್ತಿದೆ. ಹೀಗಿರುವಾಗ ವರ್ಷಾಂತ್ಯದ ತೆರಿಗೆ ವರದಿ ಕೊಡುವ ತಂತ್ರಾಂಶ ದೇಶಕ್ಕೊಂದು ಬಗೆ ಇದ್ದರೆ ತಪ್ಪೇನಿಲ್ಲ.

ಆದರೆ ತೆರಿಗೆ ವರದಿ ಬೇರೆ, ದಾಖಲೆ ಬೇರೆ. ಇಂಥ ದಿನ, ಇಂಥ ಖಾತೆಯಿಂದ, ಇಂಥವರಿಗೆ, ಇಂತಿಷ್ಟು ಪೌಂಡ್ ಸಂದಿದೆ ಎಂಬ ಸಾಲಿನಲ್ಲಿ ದೇಶದ ಕಾನೂನಿನ ಸೋಂಕೇ ಇಲ್ಲ. ನಾಣ್ಯಗಳಿಗೆ ಪ್ರಪಂಚದಾದ್ಯಂತ ಒಪ್ಪಿದ ಮೂರಕ್ಷರದ ಸಂಕೇತಗಳಿವೆ. ದಿನಾಂಕವನ್ನು ವರ್ಷ-ತಿಂಗಳು-ದಿನ ಎಂಬ ಕ್ರಮದಲ್ಲಿ ಬರೆಯುವ ಐಎಸ್‌ಒ 8601 ಎಂಬ ಮಾನಕ 1988ರಿಂದ ಇದೆ. ರೋಜುಕಿರ್ದಿಯನ್ನು ಒಂದೇ ಬಗೆಯಲ್ಲಿ ಬರೆದಿಟ್ಟು, ತೆರಿಗೆಯ ಅರ್ಥವನ್ನು ಅದರ ಮೇಲೆ ದೇಶಕ್ಕೆ ತಕ್ಕಂತೆ ಹಚ್ಚಿಕೊಳ್ಳುವುದಕ್ಕೆ ಯಾವ ಅಡ್ಡಿಯೂ ಇರಲಿಲ್ಲ. ತಯಾರಕರು ಎರಡನ್ನೂ ಒಂದೇ ಫೈಲಿನಲ್ಲಿ ಕಲಸಿ, ಹೊರಗಿನವರು ಬಿಚ್ಚಿ ನೋಡದಂತೆ ಮುಚ್ಚಿಟ್ಟರು. ಮೈಕ್ರೋಸಾಫ್ಟ್ ಮನಿಯ ಫೈಲು ಒಳಗೆ ಆ ಕಂಪನಿಯದೇ ಜೆಟ್ ಎಂಬ ದತ್ತಾಂಶ ವ್ಯವಸ್ಥೆಯ ಒಂದು ರೂಪ. ಅದೇ ಕಂಪನಿಯ ಆಕ್ಸೆಸ್ ಎಂಬ ತಂತ್ರಾಂಶ ಬಳಸಿದವರಿಗೆ ಪರಿಚಯವಿರುವ ಸರಕೇ ಅದು. ಆದರೆ ಗೂಢಲಿಪಿಯಲ್ಲಿ ಭದ್ರ.

ಕ್ವಿಕನ್‌ನ ಕಥೆಯೂ ಹೆಚ್ಚು ಬೇರೆಯಲ್ಲ. ಸ್ಕಾಟ್ ಕುಕ್ ಮತ್ತು ಟಾಮ್ ಪ್ರೂ 1983ರಲ್ಲಿ ಕಟ್ಟಿದ ಇನ್‌ಟ್ಯೂಟ್ ಕಂಪನಿಯ ಈ ತಂತ್ರಾಂಶ ಅಮೆರಿಕದ ಮನೆಲೆಕ್ಕಕ್ಕೆ ಪರ್ಯಾಯ ಹೆಸರೆನಿಸಿತ್ತು. 1994ರಲ್ಲಿ ಮೈಕ್ರೋಸಾಫ್ಟ್ ಇನ್‌ಟ್ಯೂಟ್ ಕಂಪನಿಯನ್ನೇ ಕೊಳ್ಳಲು ಹೊರಟಿತು. ಸ್ಪರ್ಧೆ ಸತ್ತುಹೋಗುತ್ತದೆಂದು ಅಮೆರಿಕದ ನ್ಯಾಯ ಇಲಾಖೆ 1995ರ ಏಪ್ರಿಲ್‌ನಲ್ಲಿ ಕೋರ್ಟಿಗೆ ಹೋಯಿತು, ಮರುತಿಂಗಳು ಮೈಕ್ರೋಸಾಫ್ಟ್ ಹಿಂದೆ ಸರಿಯಿತು. ಒಂದೇ ದೇಶದೊಳಗಿನ ಸ್ಪರ್ಧೆಯ ಬಗ್ಗೆ ಅಷ್ಟು ಎಚ್ಚರ ವಹಿಸಿದ ವ್ಯವಸ್ಥೆಗೆ, ಅದೇ ಕಂಪನಿಗಳು ಪ್ರಪಂಚವನ್ನು ತುಂಡುತುಂಡಾಗಿ ಹಂಚಿಕೊಂಡು ಆವೃತ್ತಿ ಮಾಡುತ್ತಿದ್ದುದು ಚಿಂತೆಯ ವಿಷಯವಾಗಲಿಲ್ಲ. ಆಗಬೇಕಾದ ಕಾರಣವೂ ಇರಲಿಲ್ಲವೇನೋ, ಆ ಆವೃತ್ತಿಗಳೆಲ್ಲ ಬದುಕಿರುವವರೆಗೆ.

ಅವು ಬದುಕಲಿಲ್ಲ. ಬ್ರಿಟನ್ನಿನ ಕ್ವಿಕನ್ ಮಾರಾಟ 2005ರಲ್ಲಿ ನಿಂತಿತು. ಜರ್ಮನಿಯ ಕ್ವಿಕನ್ ಲೆಕ್ಸ್‌ವೇರ್ ಎಂಬ ಅಲ್ಲಿಯ ಕಂಪನಿಯ ಪಾಲಾಗಿ ತನ್ನದೇ ದಾರಿ ಹಿಡಿಯಿತು. ಆಸ್ಟ್ರೇಲಿಯಾದಲ್ಲಿ ರೆಕಾನ್ ಎಂಬ ಸಂಸ್ಥೆ ಪರವಾನಗಿ ಪಡೆದು ಕ್ವಿಕನ್ ಮಾರುತ್ತಿದ್ದು, ಕರಾರು ಮುಗಿದಮೇಲೆ ತನ್ನ ಹೆಸರಿನಲ್ಲೇ ಮುಂದುವರಿಸಿತು. ಮೂಲ ಕ್ವಿಕನ್ನನ್ನೂ ಇನ್‌ಟ್ಯೂಟ್ 2016ರಲ್ಲಿ ಒಂದು ಹೂಡಿಕೆ ಸಂಸ್ಥೆಗೆ ಮಾರಿತು. ಮಾರುಕಟ್ಟೆ ಲಾಭದಾಯಕವಲ್ಲವೆಂದು ಕಂಪನಿ ಒಂದು ದೇಶ ಬಿಟ್ಟು ಹೋಗುವುದು ಅದರ ಹಕ್ಕು, ಯಾರೂ ತಡೆಯಲಾರರು. ಪ್ರಶ್ನೆ ಇರುವುದು ಬಿಟ್ಟುಹೋದ ಮೇಲೆ ಉಳಿದವರ ಕೈಯಲ್ಲಿ ಏನಿರುತ್ತದೆ ಎಂಬುದರಲ್ಲಿ. ಹಳೆಯ ವಿಂಡೋಸಿನ ಹಳೆಯ ಕಂಪ್ಯೂಟರಿನಲ್ಲಿ ಮಾತ್ರ ತೆರೆಯುವ ಫೈಲು ಇರುತ್ತದೆ. ಜೊತೆಗೆ ಕ್ಯೂಐಎಫ್ ಎಂಬ ಒಂದು ಕಿಂಡಿ.

ಈ ಕ್ಯೂಐಎಫ್ ಎಂಥದ್ದೆಂದು ಹತ್ತಿರದಿಂದ ನೋಡಬೇಕು. ಅದು ನೋಟ್‌ಪ್ಯಾಡಿನಲ್ಲೂ ತೆರೆಯುವ ಬರಿಯ ಪಠ್ಯ. ಪ್ರತಿ ಸಾಲಿನ ಮೊದಲಕ್ಷರವೇ ಅದರ ಗುರುತು: ಡಿ ಎಂದಿದ್ದರೆ ದಿನಾಂಕ, ಟಿ ಎಂದಿದ್ದರೆ ಮೊತ್ತ, ಪಿ ಎಂದರೆ ದುಡ್ಡು ಯಾರಿಗೆ ಹೋಯಿತೋ ಅವರು, ಎಲ್ ಎಂದರೆ ಖರ್ಚಿನ ಬಾಬತ್ತು. ಒಂದು ವಹಿವಾಟು ಮುಗಿಯಿತೆನ್ನಲು ^ ಎಂಬ ಟೋಪಿ ಚಿಹ್ನೆ. ಎಷ್ಟು ಸರಳವೆಂದರೆ, ಹೈಸ್ಕೂಲು ಹುಡುಗನೂ ಅರ್ಧ ಗಂಟೆಯಲ್ಲಿ ಓದಲು ಕಲಿತಾನು. ಗ್ರಹಚಾರ ಇರುವುದು ಡಿ ಅಕ್ಷರದ ಮುಂದಿನ ಅಂಕಿಗಳಲ್ಲಿ. ಮೊದಲು ದಿನವೋ, ಮೊದಲು ತಿಂಗಳೋ ಎಂದು ಆ ಫೈಲು ಎಲ್ಲೂ ಹೇಳುವುದಿಲ್ಲ. ಬ್ರಿಟನ್ನಿನ ಆವೃತ್ತಿ ದಿನ ಮೊದಲು ಬರೆಯುತ್ತದೆ, ಅಮೆರಿಕದ್ದು ತಿಂಗಳು ಮೊದಲೆಂದು ಓದುತ್ತದೆ. ಸಾಲದ್ದಕ್ಕೆ 2000ದ ನಂತರದ ವರ್ಷಕ್ಕೆ ಕ್ವಿಕನ್ ಓರೆಗೆರೆಯ ಬದಲು ಮೇಲೊಂದು ಅಲ್ಪವಿರಾಮದಂಥ ಚುಕ್ಕಿ ಇಟ್ಟು 4/3'05 ಎಂದು ಬರೆಯುತ್ತಿತ್ತು. ಆ ಚುಕ್ಕಿ ಅರ್ಥವಾಗದ ತಂತ್ರಾಂಶಗಳೂ ಇದ್ದವು.

ಗೊಂದಲದ ಗಾತ್ರವನ್ನು ಬೆರಳೆಣಿಸಿಯೇ ಹೇಳಬಹುದು. ದಿನಾಂಕ 13 ಅಥವಾ ಹೆಚ್ಚಾಗಿದ್ದರೆ ಚಿಂತೆಯಿಲ್ಲ, ಹದಿಮೂರನೆಯ ತಿಂಗಳು ಇಲ್ಲದ ಕಾರಣ ತಪ್ಪು ತಕ್ಷಣ ಗೊತ್ತಾಗುತ್ತದೆ. ದಿನವೂ ತಿಂಗಳೂ 12ರೊಳಗಿರುವ 144 ತಾರೀಖುಗಳಲ್ಲಿ, ಜನವರಿ 1, ಫೆಬ್ರವರಿ 2ರಂತೆ ಎರಡೂ ಒಂದೇ ಆಗಿರುವ 12ನ್ನು ಕಳೆದರೆ 132 ಉಳಿಯುತ್ತವೆ. ವರ್ಷದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ದಿನಗಳ ವಹಿವಾಟು ಯಾವ ಎಚ್ಚರಿಕೆಯ ಗಂಟೆಯೂ ಬಾರಿಸದೆ ಬೇರೆ ತಿಂಗಳಿಗೆ ಹೋಗಿ ಕೂರಬಹುದು. ಒಟ್ಟು ಶಿಲ್ಕು ಮಾತ್ರ ಪೈಸೆಗೆ ಪೈಸೆ ತಾಳೆಯಾಗುತ್ತದೆ. ಕೂಡುವಾಗ ಸಾಲುಗಳ ಕ್ರಮಕ್ಕೆ ಬೆಲೆಯಿಲ್ಲವಲ್ಲ! ಹಾಗಾಗಿ ಬಳಕೆದಾರ ಎಲ್ಲವೂ ಸರಿಯಾಗಿದೆಯೆಂದೇ ನಂಬುತ್ತಾನೆ. ಲಂಡನ್ನಿನ ಉಳಿತಾಯ ಖಾತೆಗೆ 05/04ರಂದು ಬಡ್ಡಿ ಬಂದಿತ್ತೆನ್ನಿ. ಅದು ಏಪ್ರಿಲ್ 5, ಬ್ರಿಟನ್ನಿನ ತೆರಿಗೆ ವರ್ಷದ ಕಟ್ಟಕಡೆಯ ದಿನ. ಅಮೆರಿಕದ ಕಣ್ಣಿಗೆ ಮೇ 4, ಅಂದರೆ ಮುಂದಿನ ತೆರಿಗೆ ವರ್ಷ. ಒಂದು ಸಾಲನ್ನು ತಿರುಗಿಸಿ ಓದಿದ್ದಕ್ಕೆ ಒಂದು ವರ್ಷದ ಆದಾಯ ಇನ್ನೊಂದಕ್ಕೆ ಜಿಗಿಯಿತು.

ಇದಕ್ಕೆ ಬಳಕೆದಾರರು ಕಂಡುಕೊಂಡ ಉಪಾಯ ನಗು ತರಿಸುವಂಥದ್ದು. ಫೈಲನ್ನು ಹೊರತೆಗೆಯುವ ಮುನ್ನ ವಿಂಡೋಸಿನ ಕಂಟ್ರೋಲ್ ಪ್ಯಾನೆಲಿಗೆ ಹೋಗಿ ತಾವು ಬೇರೆ ದೇಶದಲ್ಲಿದ್ದೇವೆಂದು ಕಂಪ್ಯೂಟರನ್ನು ನಂಬಿಸಬೇಕು, ಕೆಲಸ ಮುಗಿದಮೇಲೆ ಸ್ವದೇಶಕ್ಕೆ ಮರಳಬೇಕು. ಪಾಸ್‌ಪೋರ್ಟ್ ಇಲ್ಲದ ಈ ಪ್ರಯಾಣದಿಂದ ತಾರೀಖಿನ ಸಮಸ್ಯೆ ಎಷ್ಟೋ ಸಲ ಬಗೆಹರಿಯುತ್ತದೆ. ಜರ್ಮನಿಯವರಿಗೆ ತಾರೀಖಿನ ಜೊತೆಗೆ ಅಂಕಿಯ ಪಾಡೂ ಇದೆ. ಅಲ್ಲಿ ಚುಕ್ಕಿ ಸಾವಿರವನ್ನು ಬೇರ್ಪಡಿಸುತ್ತದೆ, ಅಲ್ಪವಿರಾಮ ದಶಾಂಶವನ್ನು ತೋರಿಸುತ್ತದೆ. ಅವರ 1.250 ಎಂಬುದು ಸಾವಿರದ ಇನ್ನೂರೈವತ್ತು. ಅಮೆರಿಕದ ತಂತ್ರಾಂಶಕ್ಕೆ ಒಂದೂಕಾಲು. ನಮ್ಮ ಬ್ಯಾಂಕುಗಳ ಸಿಎಸ್‌ವಿ ಫೈಲಿನಲ್ಲಿ 1,25,000 ಎಂದು ಲಕ್ಷಕ್ಕೊಂದು ಅಲ್ಪವಿರಾಮ ಬಂದಾಗ, ಅಲ್ಪವಿರಾಮ ಕಂಡಲ್ಲೆಲ್ಲ ಕಾಲಂ ಕತ್ತರಿಸುವ ತಂತ್ರಾಂಶ ಅದನ್ನು ಮೂರು ಚೂರು ಮಾಡುವುದೂ ಇದೇ ಜಾತಿಯ ರೋಗ.

ಮೊತ್ತದ ಸಾಲಿನಲ್ಲಿ ಇನ್ನೊಂದು ಕೊರತೆಯಿದೆ. ಅದು ಯಾವ ನಾಣ್ಯವೆಂದು ಕ್ಯೂಐಎಫ್ ಹೇಳುವುದಿಲ್ಲ, ಹೇಳಲು ಜಾಗವೇ ಇಲ್ಲ. ಸಾವಿರ ಪೌಂಡ್ ಗಡಿ ದಾಟುವಾಗ ಬರಿಯ ಸಾವಿರವಾಗಿ, ಆಚೆ ಸಾವಿರ ಡಾಲರ್ ಆಗಿ ಇಳಿಯುತ್ತದೆ. ವಹಿವಾಟಿಗೆ ಗುರುತಿನ ಸಂಖ್ಯೆಯೂ ಇಲ್ಲ. ಸಂಬಳದ ಖಾತೆಯಿಂದ ಉಳಿತಾಯದ ಖಾತೆಗೆ ದುಡ್ಡು ವರ್ಗಾಯಿಸಿದ್ದರೆ ಅದು ಎರಡೂ ಖಾತೆಗಳ ಫೈಲಿನಲ್ಲಿ ಒಂದೊಂದು ಸಲ ಬರುತ್ತದೆ. ಮೈಕ್ರೋಸಾಫ್ಟ್ ಮನಿಯಿಂದ ಒಂದು ಸಲಕ್ಕೆ ಒಂದೇ ಖಾತೆಯನ್ನು ಹೊರತೆಗೆಯಲು ಸಾಧ್ಯ. ಹೀಗೆ ಬಿಡಿಬಿಡಿಯಾಗಿ ಬಂದ ಎರಡು ಫೈಲುಗಳನ್ನು ಹೊಸ ತಂತ್ರಾಂಶ ಒಂದಾದಮೇಲೊಂದು ಓದಿದಾಗ, ಒಂದೇ ವರ್ಗಾವಣೆ ಎರಡಾಗಿ ಬಿಡಬಹುದು. ಹತ್ತು ಖಾತೆ, ಹನ್ನೆರಡು ವರ್ಷದ ಲೆಕ್ಕ ಇರುವವರಿಗೆ ಈ ಜೋಡಿಗಳನ್ನು ಹುಡುಕಿ ಅಳಿಸುವ ಕೆಲಸ ಎಷ್ಟು ವಾರಾಂತ್ಯಗಳನ್ನು ನುಂಗುತ್ತದೆಂದು ಊಹಿಸಬಹುದು. ಮನಿಯಲ್ಲಿ ಹೊರತೆಗೆಯುವಾಗ ‘ಸಡಿಲ’ ಕ್ಯೂಐಎಫ್ ಬೇಕೋ ‘ಬಿಗಿ’ ಕ್ಯೂಐಎಫ್ ಬೇಕೋ ಎಂಬ ಆಯ್ಕೆ ಇತ್ತು. ಒಂದು ವಿನಿಮಯ ರೂಪಕ್ಕೆ ಸಡಿಲ ಬಿಗಿ ಎಂಬ ಎರಡು ಅವತಾರ ಬೇಕಾದುವೆಂದರೆ ಅದನ್ನು ಮಾನಕವೆಂದು ಕರೆಯುವುದು ಬರಿಯ ಉಪಚಾರ.

ಇಷ್ಟನ್ನೂ ಬೆವರು ಸುರಿಸಿ ಸರಿಮಾಡಬಹುದು. ಸರಿಮಾಡಲಾಗದ ನಷ್ಟವೊಂದಿದೆ. ಒಂದೇ ಕಂಪನಿಯ ಷೇರನ್ನು ಬೇರೆ ಬೇರೆ ದಿನ, ಬೇರೆ ಬೇರೆ ಬೆಲೆಗೆ ಕೊಂಡು, ಅದರಲ್ಲಿ ಸ್ವಲ್ಪ ಮಾರಿದಾಗ ಮಾರಿದ್ದು ಯಾವ ಕಂತಿನದು ಎಂದು ಮೂಲ ತಂತ್ರಾಂಶ ಗುರುತಿಟ್ಟುಕೊಂಡಿರುತ್ತದೆ. ಆ ಗುರುತನ್ನು ಕ್ಯೂಐಎಫ್ ಹೊತ್ತು ತರುವುದಿಲ್ಲ. ಕೊಂಡದ್ದು, ಮಾರಿದ್ದು ಬರುತ್ತವೆ. ಎರಡರ ನಡುವಿನ ಕೊಂಡಿ ಕಳಚುತ್ತದೆ. ಬೇಸತ್ತವರು ಮಾಡುವುದು ಇನ್ನೂ ಅಪಾಯದ ಕೆಲಸ: ಹಳೆಯದನ್ನೆಲ್ಲ ಕೈಬಿಟ್ಟು, ಇವತ್ತಿನ ಷೇರುಗಳ ಸಂಖ್ಯೆಯನ್ನು ಆರಂಭ ಶಿಲ್ಕೆಂದು ಬರೆದು ಹೊಸ ಪುಸ್ತಕ ಶುರುಮಾಡುತ್ತಾರೆ. ಅಮೆರಿಕದಲ್ಲಿ ಸಂಬಳದ ಭಾಗವಾಗಿ ವರ್ಷ ವರ್ಷವೂ ಕಂಪನಿಯ ಷೇರು ಪಡೆದು ಬೆಂಗಳೂರಿಗೆ ಮರಳಿದವರಿಗೆ ಇದರ ಬಿಸಿ ತಟ್ಟುವುದು ನಾಲ್ಕಾರು ವರ್ಷ ಕಳೆದು ಆ ಷೇರು ಮಾರುವಾಗ. ಭಾರತದ ಪೂರ್ಣ ನಿವಾಸಿಯಾದಮೇಲೆ ಹೊರದೇಶದ ಲಾಭಕ್ಕೂ ಇಲ್ಲಿ ತೆರಿಗೆ ಇದೆ. ವಿದೇಶಿ ಷೇರು ದೀರ್ಘಾವಧಿಯದೆನಿಸಲು 24 ತಿಂಗಳಿಗಿಂತ ಹೆಚ್ಚು ಕಾಲ ಕೈಯಲ್ಲಿರಬೇಕು. ಕೊಂಡ ತಾರೀಖು, ಕೊಂಡ ಬೆಲೆ ಇಲ್ಲದೆ ಆ ಲೆಕ್ಕ ಹೂಡುವುದು ಹೇಗೆ? ಸಾಲದ್ದಕ್ಕೆ ನಮ್ಮ ಆರ್ಥಿಕ ವರ್ಷ ಏಪ್ರಿಲ್‌ನಿಂದ ಮಾರ್ಚ್ ಆದರೂ, ಆದಾಯ ತೆರಿಗೆ ರಿಟರ್ನಿನಲ್ಲಿ ವಿದೇಶಿ ಆಸ್ತಿಗಳ ವಿವರವನ್ನು ಡಿಸೆಂಬರ್ 31ಕ್ಕೆ ಮುಗಿಯುವ ವರ್ಷಕ್ಕೆ ಕೊಡಬೇಕು. ಎರಡು ಬಗೆಯ ವರ್ಷ, ಎರಡು ನಾಣ್ಯ, ಮೂಲ ದಾಖಲೆ ನಾಪತ್ತೆ. ದಲ್ಲಾಳಿ ಸಂಸ್ಥೆ ಇನ್ನೂ ಇದ್ದು ಹಳೆಯ ಸ್ಟೇಟ್‌ಮೆಂಟ್ ಕೊಟ್ಟರೆ ಬದುಕಿದಂತೆ.

ತಯಾರಕರಿಗೆ ಇದೆಲ್ಲ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಮದುವೆ ಮುರಿದುಬಿದ್ದ ಮೈಕ್ರೋಸಾಫ್ಟ್ ಮತ್ತು ಇನ್‌ಟ್ಯೂಟ್, ಚೆಕ್‌ಫ್ರೀ ಎಂಬ ಮೂರನೆಯವರನ್ನು ಸೇರಿಸಿಕೊಂಡು 1997ರಲ್ಲಿ ಓಎಫ್‌ಎಕ್ಸ್ ಎಂಬ ಹೊಸ ವಿನಿಮಯ ರೂಪ ತಂದವು. ಅದರಲ್ಲಿ ದಿನಾಂಕ 20050405 ಎಂದು ವರ್ಷದಿಂದಲೇ ಶುರು, ತಿರುಗಿಸಿ ಓದುವ ಮಾತೇ ಇಲ್ಲ. ನಾಣ್ಯಕ್ಕೆ ಜಾಗವಿದೆ, ಪ್ರತಿ ವಹಿವಾಟಿಗೂ ಬ್ಯಾಂಕು ಕೊಡುವ ಗುರುತಿನ ಸಂಖ್ಯೆಯಿದೆ. ಆದ್ದರಿಂದ ಅದೇ ಸಾಲು ಎರಡು ಸಲ ಬಂದರೆ ತಂತ್ರಾಂಶ ಪತ್ತೆಹಚ್ಚುತ್ತದೆ. ಕ್ಯೂಐಎಫ್‌ನ ಒಂದೊಂದು ಹುಳುಕಿಗೂ ಅಲ್ಲಿ ಮದ್ದಿತ್ತು. ಆದರೆ ಓಎಫ್‌ಎಕ್ಸ್ ಮಾಡಿದ್ದು ಬ್ಯಾಂಕಿನಿಂದ ಗ್ರಾಹಕನ ತಂತ್ರಾಂಶಕ್ಕೆ ವಹಿವಾಟು ಒಳಗೆ ತರಲು. ಒಳಬಂದದ್ದನ್ನು ಅದೇ ರೂಪದಲ್ಲಿ ಹೊರಗೆ ಕೊಡುವ ಗುಂಡಿಯನ್ನು ಮೈಕ್ರೋಸಾಫ್ಟ್ ಮನಿಯಲ್ಲಿ ಇಡಲಿಲ್ಲ. ಒಳಬರುವ ಹೆಬ್ಬಾಗಿಲಿಗೆ ಹೊಸ ಮರ, ಹೊರಹೋಗುವುದಕ್ಕೆ ಹಳೆಯ ಕಿಂಡಿ. ಇನ್‌ಟ್ಯೂಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಓಎಫ್‌ಎಕ್ಸ್‌ಗೆ ತನ್ನದೊಂದು ಗುರುತು ಸೇರಿಸಿದ ಕ್ಯೂಎಫ್‌ಎಕ್ಸ್ ರೂಪವನ್ನು ಬಳಕೆಗೆ ತಂದು, ಅದಕ್ಕೆ ಬ್ಯಾಂಕುಗಳಿಂದ ಶುಲ್ಕ ಪಡೆಯತೊಡಗಿತು. ಕ್ವಿಕನ್‌ನ 2005ರ ಅಮೆರಿಕನ್ ಆವೃತ್ತಿಯಿಂದ ಉಳಿತಾಯ, ಚೆಕ್ಕಿಂಗ್, ಕ್ರೆಡಿಟ್ ಕಾರ್ಡ್ ಖಾತೆಗಳಿಗೆ ಕ್ಯೂಐಎಫ್ ತುಂಬಿಸುವುದನ್ನೇ ನಿಲ್ಲಿಸಲಾಯಿತು. ಬ್ರಿಟನ್ನಿನಲ್ಲಿ ಮಾರಾಟ ನಿಂತದ್ದೂ ಅದೇ ಹೊತ್ತಿಗೆ. ಬ್ರಿಟನ್ನಿನಿಂದ ಅಮೆರಿಕದ ಆವೃತ್ತಿಗೆ ಹೋಗಬೇಕಾದವನಿಗೆ ಇದ್ದ ಒಂದೇ ಕಿಂಡಿಯೂ ಕಿರಿದಾದದ್ದು ಹೀಗೆ. ಇದನ್ನು ಸಂಚು ಎನ್ನಬೇಕಿಲ್ಲ. ಗ್ರಾಹಕನ ಹಿತ ಲೆಕ್ಕಕ್ಕೆ ಬಾರದಿದ್ದಾಗ ಸಹಜವಾಗಿ ಆಗುವುದೇ ಇದು.

ತಯಾರಕರ ಪರವಾಗಿ ವಾದಿಸುವವರ ಮಾತನ್ನೂ ಕೇಳಬೇಕು. ದೇಶ ಬದಲಿಸುವ ಗ್ರಾಹಕರು ನೂರಕ್ಕೆ ಎಷ್ಟು ಮಂದಿ? ಅವರಿಗಾಗಿ ಪ್ರತಿ ಆವೃತ್ತಿಯ ಫೈಲನ್ನೂ ಪ್ರತಿ ಇನ್ನೊಂದು ಆವೃತ್ತಿಯಲ್ಲಿ ಪರೀಕ್ಷಿಸುತ್ತ ಕೂತರೆ ಖರ್ಚು ಯಾರು ಕೊಡುತ್ತಾರೆ? ಅರೆಬರೆ ತೆರೆದ ಫೈಲಿನಿಂದ ತಪ್ಪು ತೆರಿಗೆ ಲೆಕ್ಕ ಬಂದರೆ ಹೊಣೆ ಯಾರದು? ಬಾಗಿಲು ಮುಚ್ಚಿರುವುದೇ ಕ್ಷೇಮ ಎನ್ನುವ ನಿಲುವಿಗೆ ಒಂದು ಬಗೆಯ ಪ್ರಾಮಾಣಿಕತೆಯೂ ಇದೆ. ಆದರೆ ಗ್ರಾಹಕ ಕೇಳುತ್ತಿರುವುದು ಲಂಡನ್ನಿನ ತೆರಿಗೆ ವರದಿಯನ್ನು ನ್ಯೂಜೆರ್ಸಿಯಲ್ಲಿ ತೆಗೆದುಕೊಡಿ ಎಂದಲ್ಲ. ತಾನೇ ಬೆರಳು ಸವೆಸಿ ತುಂಬಿದ ಸಾಲುಗಳನ್ನು ನಾಣ್ಯ, ತಾರೀಖು, ಕೊಂಡಿಗಳ ಸಮೇತ ವಾಪಸು ಕೊಡಿ ಎಂದು. ಅದಕ್ಕೆ ಎಲ್ಲ ಆವೃತ್ತಿಗಳ ಕಾಟ ಬೇಡ, ಒಂದು ಬಿಚ್ಚುಮನಸ್ಸಿನ ರೂಪ ಸಾಕು.

ಅಂಥದ್ದು ಆಗದ ಕೆಲಸವೇನೂ ಅಲ್ಲ ಎಂಬುದಕ್ಕೆ ಗ್ನುಕ್ಯಾಶ್ ಎಂಬ ಮುಕ್ತ ತಂತ್ರಾಂಶ ಕಣ್ಣೆದುರಿನ ಸಾಕ್ಷಿ. ಸ್ವಯಂಸೇವಕರು ಕಟ್ಟಿದ ಅದಕ್ಕೆ ದೇಶವಾರು ಆವೃತ್ತಿಯೇ ಇಲ್ಲ. ಪರದೆಯ ಭಾಷೆ ಬದಲಾಗುತ್ತದೆ, ಫೈಲು ಬದಲಾಗುವುದಿಲ್ಲ. ಅದರ ಅನುವಾದಗಳ ಸಾಲಿನಲ್ಲಿ ಕನ್ನಡವೂ ಇದೆ. ಫೈಲಿನೊಳಗೆ ಇಣುಕಿದರೆ ದಿನಾಂಕ ವರ್ಷದಿಂದ ಶುರುವಾಗುತ್ತದೆ, ಪ್ರತಿ ಖಾತೆಗೂ ನಾಣ್ಯದ ಮೂರಕ್ಷರ ಅಂಟಿರುತ್ತದೆ. ಮೊತ್ತ ಬರೆಯುವ ರೀತಿಯಂತೂ ಜಾಣತನದ್ದು. ಹನ್ನೆರಡೂವರೆ ರೂಪಾಯಿಯನ್ನು ಅದು 1250/100 ಎಂದು ಭಿನ್ನರಾಶಿಯಾಗಿ ಇಡುತ್ತದೆ. ದಶಾಂಶಕ್ಕೆ ಚುಕ್ಕಿಯೋ ಅಲ್ಪವಿರಾಮವೋ ಎಂಬ ಜಗಳಕ್ಕೆ ಆಸ್ಪದವೇ ಇಲ್ಲ, ಏಕೆಂದರೆ ದಶಾಂಶವೇ ಇಲ್ಲ. ಬರ್ಲಿನ್ನಿನಲ್ಲಿ ಬರೆದದ್ದು ಬೆಳಗಾವಿಯಲ್ಲಿ ತೆರೆದುಕೊಳ್ಳುತ್ತದೆ. ಗ್ನುಕ್ಯಾಶ್ ಎಲ್ಲರಿಗೂ ಒಗ್ಗುವ ತಂತ್ರಾಂಶವೆಂದು ಇಲ್ಲಿ ಹೊಗಳುತ್ತಿಲ್ಲ. ಜೋಡಿ ನಮೂದಿನ ಲೆಕ್ಕ ಗೊತ್ತಿಲ್ಲದವರಿಗೆ ಅದು ಮೊದಲ ವಾರವೇ ಸಾಕೆನಿಸುತ್ತದೆ, ನಮ್ಮ ಆದಾಯ ತೆರಿಗೆಯ ಗಂಧವೂ ಅದಕ್ಕಿಲ್ಲ. ಆದರೆ ಹಣದ ಬಲವಿಲ್ಲದವರಿಗೆ ಸಾಧ್ಯವಾದದ್ದು ದೊಡ್ಡ ಕಂಪನಿಗಳಿಗೆ ಅಸಾಧ್ಯವಾಗಿತ್ತು ಎಂಬ ವಾದ ಇದರ ಎದುರು ನಿಲ್ಲುವುದಿಲ್ಲ.

ಮನಿಯ ಮುಚ್ಚಿದ ಫೈಲನ್ನು ಕೊನೆಗೆ ತೆರೆದವರೂ ಹೊರಗಿನವರೇ. ಜಾಕ್ಸೆಸ್ ಎಂಬ ಮುಕ್ತ ಜಾವಾ ಸಂಗ್ರಹ ಜೆಟ್ ಫೈಲುಗಳನ್ನು ಓದುವುದನ್ನು ಕಲಿಯಿತು, ಅದರ ಬೆನ್ನೇರಿ ಬಂದ ಸನ್‌ರೈಸ್ ಎಂಬ ಸಲಕರಣೆ ಮನಿಯ ಕೋಷ್ಟಕಗಳನ್ನು ಬಿಚ್ಚಿ ತೋರಿಸಿತು. ಸೂರ್ಯಾಸ್ತಕ್ಕೆ ಎದುರಾಗಿ ಸೂರ್ಯೋದಯ. ಹೆಸರಿಟ್ಟವರಿಗೆ ಹಾಸ್ಯಪ್ರಜ್ಞೆಗೆ ಬರವಿರಲಿಲ್ಲ. ಬೀಗ ಒಡೆಯುವ ಇಂಥ ಕೆಲಸ ಕಳ್ಳತನವಲ್ಲವೇ ಎಂದು ಕೆಲವರು ಹಿಂಜರಿಯುತ್ತಾರೆ. ಭಾರತದ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿಗೆ 1999ರಲ್ಲಿ ಸೇರಿಸಿದ ಅಂಶಗಳನ್ನು ಓದಿದರೆ ಸಮಾಧಾನವಾದೀತು. ನ್ಯಾಯವಾಗಿ ಕೊಂಡ ತಂತ್ರಾಂಶ ಮತ್ತೊಂದರ ಜೊತೆ ಹೊಂದಿಕೊಂಡು ಕೆಲಸ ಮಾಡಲು ಬೇಕಾದ ಮಾಹಿತಿ ಬೇರೆ ದಾರಿಯಲ್ಲಿ ಸುಲಭವಾಗಿ ಸಿಗದಿದ್ದರೆ, ಅದನ್ನು ಪಡೆಯಲು ಅಗತ್ಯವಾದಷ್ಟು ಕೆಲಸ ಉಲ್ಲಂಘನೆಯಲ್ಲ ಎನ್ನುತ್ತದೆ ಆ ಕಾನೂನು.

ಫೈಲು ಕೈಯಲ್ಲಿದ್ದವರ ಪಾಡು ಇಷ್ಟಾದರೆ, ಎಲ್ಲವನ್ನೂ ಆನ್‌ಲೈನಿನಲ್ಲಿ ಇಟ್ಟವರಿಗೆ ಬಿಚ್ಚಲು ಫೈಲೇ ಇಲ್ಲ. ಇನ್‌ಟ್ಯೂಟ್ ಕಂಪನಿಗೆ ಬೆಂಗಳೂರಿನಲ್ಲಿ ದೊಡ್ಡ ಅಭಿವೃದ್ಧಿ ಕೇಂದ್ರವಿದೆ. ಅದರ ಕ್ವಿಕ್‌ಬುಕ್ಸ್ ಎಂಬ ವ್ಯವಹಾರ ಲೆಕ್ಕದ ಸೇವೆಗೆ ಭಾರತದ ಆವೃತ್ತಿಯೂ ಇತ್ತು. 2023ರಲ್ಲಿ ಅದು ಮುಚ್ಚಿತು. ಹಾಗಾದರೆ ಅಮೆರಿಕದ ಕ್ವಿಕ್‌ಬುಕ್ಸ್‌ಗೆ ಖಾತೆ ಬದಲಿಸಿಕೊಳ್ಳೋಣವೆಂದರೆ, ಒಂದು ದೇಶಕ್ಕೆಂದು ತೆರೆದ ಪುಸ್ತಕವನ್ನು ಇನ್ನೊಂದು ದೇಶಕ್ಕೆ ತಿರುಗಿಸುವ ಅವಕಾಶ ಅದರಲ್ಲಿಲ್ಲ. ಹೊಸ ಚಂದಾ, ಹೊಸ ಪುಸ್ತಕ. ಅದೇ ಕಂಪನಿ 2009ರಲ್ಲಿ ಕೊಂಡಿದ್ದ ಮಿಂಟ್ ಎಂಬ ಮನೆಲೆಕ್ಕದ ಸೇವೆ 2024ರ ಮಾರ್ಚ್‌ನಲ್ಲಿ ಕಣ್ಣುಮುಚ್ಚಿತು. ವಹಿವಾಟುಗಳ ಪಟ್ಟಿಯನ್ನು ಇಳಿಸಿಕೊಳ್ಳಲು ಅವಕಾಶವೇನೋ ಇತ್ತು. ಆದರೆ ಪಟ್ಟಿ ಬಂದಮಾತ್ರಕ್ಕೆ ಪುಸ್ತಕ ಬಂದಂತಲ್ಲ.

ಇಲ್ಲಿ ಕಾನೂನು ಏನು ಮಾಡಬಲ್ಲದು? 2018ರಿಂದ ಜಾರಿಯಲ್ಲಿರುವ ಯುರೋಪಿನ ಜಿಡಿಪಿಆರ್ ನಿಯಮದ 20ನೇ ವಿಧಿ, ವ್ಯಕ್ತಿ ತಾನು ಕೊಟ್ಟ ಮಾಹಿತಿಯನ್ನು ಯಂತ್ರ ಓದಬಲ್ಲ, ಸಾಮಾನ್ಯ ಬಳಕೆಯ ರೂಪದಲ್ಲಿ ವಾಪಸು ಪಡೆಯಬಹುದೆನ್ನುತ್ತದೆ. ಒಳ್ಳೆಯ ಮಾತು. ಆದರೆ ನಾಣ್ಯದ ಹೆಸರಿಲ್ಲದ, ಕೊಂಡಿ ಕಳಚಿದ ಕ್ಯೂಐಎಫ್ ಕೂಡ ಸಾಮಾನ್ಯ ಬಳಕೆಯದ್ದೇ, ಯಂತ್ರ ಓದಬಲ್ಲದ್ದೇ! ಮಾಹಿತಿ ಕೊಡಬೇಕೆಂದರೆ ಸಾಲದು, ಅರ್ಥ ಸೋರದಂತೆ ಕೊಡಬೇಕೆಂಬುದು ಅಕ್ಷರದಲ್ಲಿ ಇರಬೇಕಿತ್ತು. ಭಾರತ ಇದರಲ್ಲಿ ಹಿಂದಕ್ಕೆ ಹೋಯಿತು. 2019ರಲ್ಲಿ ಸಂಸತ್ತಿನ ಮುಂದೆ ಬಂದ ವೈಯಕ್ತಿಕ ದತ್ತಾಂಶ ಮಸೂದೆಯಲ್ಲಿ ಹೀಗೆ ಮಾಹಿತಿ ಹೊತ್ತೊಯ್ಯುವ ಹಕ್ಕು ಇತ್ತು. 2023ರಲ್ಲಿ ಕಾಯ್ದೆಯಾಗಿ ಬಂದದ್ದರಲ್ಲಿ ಅದನ್ನು ಕೈಬಿಡಲಾಗಿತ್ತು. ಸಣ್ಣ ಉದ್ಯಮಗಳಿಗೆ ಹೊರೆಯೆಂಬ ವಾದ ಅರ್ಥವಾಗುವಂಥದ್ದು. ದುಡ್ಡಿನ ದಾಖಲೆಗಾದರೂ ಆ ಹಕ್ಕನ್ನು ಪ್ರತ್ಯೇಕವಾಗಿ ಉಳಿಸಿಕೊಳ್ಳಲು ಅಡ್ಡಿಯೇನಿತ್ತು?

ತಮಾಷೆಯೆಂದರೆ, ಬ್ಯಾಂಕಿನಿಂದ ಬ್ಯಾಂಕಿಗೆ ಮಾಹಿತಿ ಒಯ್ಯುವುದರಲ್ಲಿ ನಾವು ಹಲವು ದೇಶಗಳಿಗಿಂತ ಮುಂದಿದ್ದೇವೆ. ರಿಸರ್ವ್ ಬ್ಯಾಂಕ್ 2016ರಲ್ಲಿ ನಿಯಮ ಮಾಡಿದ, 2021ರಿಂದ ನಡೆಯುತ್ತಿರುವ ಅಕೌಂಟ್ ಅಗ್ರಿಗೇಟರ್ ವ್ಯವಸ್ಥೆಯಲ್ಲಿ ಉಳಿತಾಯ ಖಾತೆ, ಮ್ಯೂಚುವಲ್ ಫಂಡ್, ಪಿಂಚಣಿ ಇವಕ್ಕೆಲ್ಲ ದೇಶವಿಡೀ ಒಂದೇ ಮಾದರಿಯ ವಿವರಪಟ್ಟಿ ನಿಗದಿಯಾಗಿದೆ. ವಹಿವಾಟಿನ ಸಮಯ, ಮೊತ್ತ, ಜಮೆಯೋ ಖರ್ಚೋ ಎಂಬುದು ಗೊಂದಲವಿಲ್ಲದೆ ಬರುತ್ತದೆ. ನಡುವಿನ ಅಗ್ರಿಗೇಟರ್‌ಗೆ ಒಳಗಿನ ಮಾಹಿತಿ ಕಾಣದಂತೆ ಅದು ಗೂಢಲಿಪಿಯಲ್ಲಿ ಸಾಗುತ್ತದೆ. ಸಾಲ ಕೊಡುವ ಸಂಸ್ಥೆಯೊಂದು ಗ್ರಾಹಕನ ಒಪ್ಪಿಗೆ ಪಡೆದು ಅವನ ಖಾತೆಗಳ ಹಳೆಯ ವಹಿವಾಟನ್ನು ನಿಮಿಷಗಳಲ್ಲಿ ತರಿಸಿಕೊಳ್ಳಬಲ್ಲದು. ಆದರೆ ಹಾಗೆ ಮಾಹಿತಿ ಪಡೆಯುವ ಸಂಸ್ಥೆ ರಿಸರ್ವ್ ಬ್ಯಾಂಕ್, ಸೆಬಿ, ವಿಮೆ ಅಥವಾ ಪಿಂಚಣಿ ನಿಯಂತ್ರಕರ ಬಳಿ ನೋಂದಾಯಿಸಿಕೊಂಡಿರಬೇಕು. ತನ್ನದೇ ಖಾತೆಯ ಅದೇ ವಿವರವನ್ನು ಅದೇ ಕೊಳವೆಯಿಂದ ನೇರವಾಗಿ ತನ್ನ ಲ್ಯಾಪ್‌ಟಾಪಿನ ಲೆಕ್ಕದ ಪುಸ್ತಕಕ್ಕೆ ಇಳಿಸಿಕೊಳ್ಳಲು ಖಾತೆದಾರನಿಗೆ ಸುಲಭದ ದಾರಿ ಇಲ್ಲ. ಹೊರದೇಶದ ಖಾತೆಗಳು ಅದರ ವ್ಯಾಪ್ತಿಗೇ ಬರುವುದಿಲ್ಲ. ಆದ್ದರಿಂದ ಜಯನಗರಕ್ಕೆ ಮರಳಿದ ಸಂಸಾರದ ಲಂಡನ್ ಮತ್ತು ನ್ಯೂಜೆರ್ಸಿಯ ವರ್ಷಗಳು ಈಗಲೂ ಸಿಗುವುದು ಪಾಸ್‌ವರ್ಡ್ ಹಾಕಿದ ಪಿಡಿಎಫ್‌ಗಳಲ್ಲಿ, ಅಥವಾ ದಿನ ಮೊದಲೋ ತಿಂಗಳು ಮೊದಲೋ ಎಂದು ಹೇಳದ ಒಂದು ಪಠ್ಯದ ಫೈಲಿನಲ್ಲಿ.